ಸೆವ್ರಿನಬಾಯಿಯ ಹಗುರ ಗಿಟಾರು

ಹಬ್ಬದ ಕೊಪ್ಪರಿಗೆಗೆ ಒಂದು ಲೋಟ ನೀರು ಹಾಕಿ, ಅದು ಕುದಿ ಬರುವುದನ್ನೇ ಕಾಯುತ್ತ ನಿಂತಿದ್ದೆ. ಊರಿಗೆಲ್ಲ ಸಾರು ಮಾಡಬಹುದಾದ ಪಾತ್ರೆಯಲ್ಲಿ ಒಂದು ಲೋಟ ನೀರು ಎಲ್ಲಿದೆ ಎಂದು ಬಗ್ಗಿ ಹುಡುಕಬೇಕು. ಮೈಮೇಲೆ ಧಾರೆ ಸೀರೆ. ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರೂ ಜರಿಯಂಚಿಗೆ ಮಸಿ ಹತ್ತಿತ್ತು. ಇನ್ನೂ ಅಟ್ಟದ ಮೇಲಿನ ಚಕ್ಕುಲಿ ಒರಳು, ಅತ್ತೆಯ ಅಡಿಕೆಕತ್ತರಿ, ಮೂವರು ಮಕ್ಕಳನ್ನು ತೂಗಿದ ತೊಟ್ಟಿಲು ಬಾಕಿ ಇದ್ದವು. ತೊಟ್ಟಿಲಿಗೆ ನಾನು ತೆಂಗಿನಕಾಯಿ ಮಲಗಿಸಿ ತೂಗುತ್ತೇನೆ. ಪಕ್ಕದ ಮನೆಯವರು ಬೆಕ್ಕನ್ನು ಮಲಗಿಸುತ್ತಾರೆ.

ಅವತ್ತು ಗುರುವಾರ, ಕೈಯಾಡಿಕೆಯ ದಿನ. ನಮ್ಮೂರಿನಲ್ಲಿ ಬಳಸದ ಸಾಮಾನು ಭಾರವಾಗುತ್ತದೆ. ಮೊದಮೊದಲು ತಿಳಿಯುವುದಿಲ್ಲ. ಯಾವತ್ತೋ ಒಂದು ದಿನ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಪೇಟೆ ಬೀದಿಯ ನಡುವೆ ಒಂದು ಹೊಲಿಗೆ ಯಂತ್ರ ಕೂತಿದೆ. ಯಾರೋ ಸೊಸೆಗೆಂದು ಹೊತ್ತು ಹೊರಟವರು ಉಸಿರು ತೆಗೆದುಕೊಳ್ಳಲು ಇಳಿಸಿದರಂತೆ, ಮತ್ತೆ ಎತ್ತಲಾಗಲಿಲ್ಲ. ಈಗ ಗಾಡಿಗಳು ಅದಕ್ಕೆ ಸುತ್ತು ಹಾಕಿ ಹೋಗುತ್ತವೆ, ಹೂವಿನವಳು ಅದರ ಮೇಲೆ ಬುಟ್ಟಿ ಇಟ್ಟುಕೊಂಡು ಮಾರುತ್ತಾಳೆ. ಬರೀ ಮುಟ್ಟಿ ಇಟ್ಟರೆ ಸಾಲದು. ಸೀರೆಯನ್ನು ಬಿಚ್ಚಿ ಮಡಿಸಿದರೆ ಲೆಕ್ಕಕ್ಕೆ ಬರುವುದಿಲ್ಲ, ಉಡಬೇಕು. ಹಾಗಾಗಿ ಗುರುವಾರ ನಮ್ಮೂರ ಹೆಂಗಸರು ರೇಷ್ಮೆಯುಟ್ಟು ಅಂಗಳ ಗುಡಿಸುತ್ತಾರೆ, ಗಂಡಸರು ಮಟಮಟ ಬಿಸಿಲಿನಲ್ಲಿ ಕೊಡೆ ಬಿಚ್ಚಿಕೊಂಡು ಕಚೇರಿಗೆ ಹೋಗುತ್ತಾರೆ.

ನಮ್ಮವರು ಹೊರಗಿನಿಂದ ಬಂದವರೇ ಕೊಪ್ಪರಿಗೆಯ ಕಿವಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. ಪ್ರತಿ ಗುರುವಾರ ಹಾಗೆ ನೋಡುವುದು ಅವರ ಅಭ್ಯಾಸ.

“ಭಾರ ಅನ್ನೋ ಸಾಮಾನು ನಮ್ಮನೇಲಿ ಒಂದೂ ಇಲ್ಲ ಕಣೆ ವಾರಿಜಾ. ಆಫೀಸಲ್ಲಿ ಎಲ್ರಿಗೂ ಹೇಳ್ತೀನಿ.”

“ಹೇಳಿ. ತೊಟ್ಟಿಲಿಗೆ ಕಾಯಿ ಸಾಲದು, ನೀವೇ ಮಲಗಿ ಸ್ವಲ್ಪ.”

“ತೂಗೋಕೆ ನೀನಿದ್ರೆ ನಾನು ರೆಡಿ,” ಅಂದರು. ಆಮೇಲೆ ಚಪ್ಪಲಿ ಬಿಡುತ್ತ, “ಸಭಾಭವನದ ಹಲಗೆ ಮೇಲೆ ಒಂದು ತಮಾಷೆ ನೋಡಿದೆ. ಕುಮುದಕ್ಕ ತನ್ನ ತಂಡಕ್ಕೆ ಬೇಸ್ ಗಿಟಾರು ನುಡಿಸೋರು ಬೇಕು ಅಂತ ಬರ್ದಿದಾರೆ. ಅದರ ಕೆಳಗೇ ಗ್ರೆಗರಿಯವರು ಬೇಸ್ ಗಿಟಾರು ಮಾರೋದಿದೆ ಅಂತ ಬರ್ದಿದಾರೆ. ಗಂಡೂ ಹೆಣ್ಣೂ ಒಂದೇ ಚಪ್ಪರದಡಿ ನಿಂತಿದಾವೆ, ಮಾತಾಡ್ಸೋರಿಲ್ಲ,” ಎಂದು ನಕ್ಕರು.

ಕೊಪ್ಪರಿಗೆಯ ನೀರು ಇಂಗಿಹೋಗಿ ತಳ ಚುರ್ ಎಂದಿತು. ನಾನು ಒಲೆ ಆರಿಸಿದೆ.

ನಮ್ಮ ಅಡುಗೆಮನೆಯ ಗೋಡೆ ಮತ್ತು ಸಭಾಭವನದ ಹಿಂಗೋಡೆ ಒಂದೇ. ಕುಮುದಕ್ಕನ ಹೆಂಗಸರ ತಂಡ ಸಂಜೆ ಹೊತ್ತು ಅಲ್ಲಿ ಅಭ್ಯಾಸ ಮಾಡುತ್ತದೆ. ಹಾಡು, ಹಾರ್ಮೋನಿಯಂ, ತಬಲಾ ಯಾವುದೂ ಆ ದಪ್ಪ ಗೋಡೆಯನ್ನು ದಾಟಿ ಬರುವುದಿಲ್ಲ. ಬೇಸ್ ಗಿಟಾರಿನ ದನಿ ಒಂದೇ ದಾಟಿ ಬರುತ್ತಿತ್ತು. ದಪ್ಪ ನಾಲ್ಕು ತಂತಿಗಳ ಆ ದನಿ ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತದೆ. ನಾನು ಈ ಮನೆಗೆ ಬಂದಾಗಿನಿಂದ ಅದನ್ನು ಕೇಳುತ್ತಲೇ ಒಗ್ಗರಣೆ ಹಾಕಿದ್ದೇನೆ, ರೊಟ್ಟಿ ತಟ್ಟಿದ್ದೇನೆ. ಅವರ ಹಾಡುಗಳೆಲ್ಲ ನನಗೆ ಅಡಿಯಿಂದ ಮಾತ್ರ ಗೊತ್ತು. ಬೀದಿಯಲ್ಲಿ ಯಾರಾದರೂ ಅದೇ ಹಾಡನ್ನು ಗುನುಗಿದರೆ ಗುರುತು ಸಿಗುತ್ತಿರಲಿಲ್ಲ. ಆದರೆ ಯಾವ ಸಾಲಿನ ಕೊನೆಯಲ್ಲಿ ಆ ದನಿ ಒಂದು ಮೆಟ್ಟಿಲು ಇಳಿದು, ಇನ್ನೇನು ನಿಲ್ಲಬೇಕು ಎನ್ನುವಾಗ ಹಿಂದಿರುಗಿ ನೋಡುತ್ತದೆ ಎಂದು ನನ್ನ ಕೈಗೆ ಗೊತ್ತಿತ್ತು. ಸೌಟು ಅಲ್ಲಿ ತಾನಾಗಿ ನಿಲ್ಲುತ್ತಿತ್ತು.

ನುಡಿಸುತ್ತಿದ್ದವರು ಸೆವ್ರಿನಬಾಯಿ. ಗಂಡ ಹೆಂಡತಿ ಬಹಳ ಹಿಂದೆ ಕಡಲ ಕಡೆಯಿಂದ ಬಂದು ದೋಣಿಕಟ್ಟೆ ಬೀದಿಯಲ್ಲಿ ನೆಲೆಸಿದವರು. ಎತ್ತರದ ಹೆಂಗಸು. ಕಪ್ಪು ಚೀಲವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಒಮ್ಮೆ ತಲೆಯಾಡಿಸುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ನಿಮ್ಮ ದನಿ ನನ್ನ ಅಡುಗೆಮನೆಗೆ ಬರುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಹೇಳುವಂಥ ಮಾತೇ ಅದು ಎಂದು ಅನ್ನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಗೋಡೆಯಾಚೆಯ ದನಿ ಬದಲಾಯಿತು. ಎಲ್ಲ ಸ್ವರಗಳೂ ಒಂದೇ ಅಚ್ಚಿನಲ್ಲಿ ಒತ್ತಿದ ಇಡ್ಲಿಯ ಹಾಗೆ ಸಮನಾಗಿ ಬಂದವು. ಎಲ್ಲೂ ಹಿಂದಿರುಗಿ ನೋಡಲಿಲ್ಲ. ತಂಡಕ್ಕೆ ಕೀಬೋರ್ಡು ಬಂದಿದೆ, ಅದನ್ನು ನುಡಿಸುವ ಹುಡುಗಿ ಎಡಗೈಯಲ್ಲೇ ಬೇಸ್ ಮುಗಿಸುತ್ತಾಳೆ ಎಂದು ಆಮೇಲೆ ಕೇಳಿದೆ. ಸೆವ್ರಿನಬಾಯಿ ಏನಾದರು ಎಂದು ವಿಚಾರಿಸೋಣ ಅಂದುಕೊಂಡೆ. ಮಾರನೆಯ ಸಂಜೆ ನೋಡಿದರೆ ಅವರು ಅದೇ ಚೀಲವನ್ನು ಹೂವಿನ ಹಾಗೆ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ಹೋಗುತ್ತಿದ್ದರು. ಬೇರೆ ತಂಡ ಸಿಕ್ಕಿರಬೇಕು ಎಂದು ಸುಮ್ಮನಾದೆ. ಅಷ್ಟು ಹಗುರವಾಗಿ ಹೊತ್ತವರನ್ನು ನಮ್ಮೂರಿನಲ್ಲಿ ಯಾರೂ ಏನೂ ಕೇಳುವುದಿಲ್ಲ.

ಅವತ್ತು ಮಧ್ಯಾಹ್ನ ಮಸಿ ಹತ್ತಿದ ಧಾರೆ ಸೀರೆಯಲ್ಲೇ ದೋಣಿಕಟ್ಟೆ ಬೀದಿಗೆ ಹೋದೆ. ಯಾಕೆ ಹೋದೆ ಎಂದು ನನಗೇ ಸರಿಯಾಗಿ ತಿಳಿಯಲಿಲ್ಲ. ಮನೆಯ ಎಲ್ಲ ಸಾಮಾನಿಗೂ ವಾರಕ್ಕೊಮ್ಮೆ ಕೈಯಾಡಿಸುವ ನಾನು ನನಗಾಗಿ ಒಂದೇ ಒಂದು ಸಾಮಾನನ್ನು ಇಟ್ಟುಕೊಂಡಿರಲಿಲ್ಲ ಎಂಬ ಯೋಚನೆ ದಾರಿಯಲ್ಲಿ ಬಂತು. ಗ್ರೆಗರಿಯವರು ಬಾಗಿಲಲ್ಲೇ ಸಿಕ್ಕರು. ದೋಣಿಯ ಇಂಜಿನ್ನು ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ, ತೋಳು ಇನ್ನೂ ಗಟ್ಟಿ.

“ಬನ್ನಿ ಅಮ್ಮ, ಬನ್ನಿ. ಗಿಟಾರಿಗಾ? ಇದಾ, ನೋಡಿ!” ಎಂದು ಚೀಲದಿಂದ ತೆಗೆದು ಒಂದೇ ಬೆರಳಿನಲ್ಲಿ ನೇತುಹಾಕಿ ತೋರಿಸಿದರು. ಜೇನಿನ ಬಣ್ಣದ ಮೈ, ಒಂದು ಕಡೆ ಮೊಣಕೈ ಉಜ್ಜಿ ಉಜ್ಜಿ ಬಣ್ಣ ಮಾಸಿತ್ತು. “ಇಷ್ಟು ವರ್ಷದಲ್ಲಿ ಒಂದು ಸಂಜೆ ತಪ್ಪಿಸಿದವಳಲ್ಲ ನಮ್ಮ ಸೆವ್ರಿನ್. ಮಳೆ ಬರ್ಲಿ, ಜ್ವರ ಬರ್ಲಿ, ಹೋಗ್ಲಿಕ್ಕೇ ಬೇಕು. ಹಾಗಾಗಿ ಹೀಗುಂಟು. ಇದು ಆಕ್ಟಿವ್ ಜಾತಿಯದ್ದು ಆಯ್ತಾ? ಹೊಟ್ಟೆಯೊಳಗೆ ಸೆಲ್ಲು ಉಂಟು. ಸೆಲ್ಲಿದ್ರೆ ಹುಲಿ, ಇಲ್ಲದಿದ್ರೆ ಉಸಿರಿಲ್ಲ.”

ಮೂಲೆಯಲ್ಲಿ ಒಂದು ಸ್ಪೀಕರ್ ಡಬ್ಬ ಇತ್ತು. ಅದರಡಿಯ ನೆಲ ತಟ್ಟೆಯ ಹಾಗೆ ಕುಗ್ಗಿತ್ತು. “ಅದನ್ನು ಕೇಳ್ಬೇಡಿ. ಮನೆಯಲ್ಲಿ ಅವಳು ನುಡಿಸುವುದಿಲ್ಲ, ತಂಡದಲ್ಲಿ ಅವರದ್ದೇ ಡಬ್ಬ ಇರ್ತದಲ್ಲ. ಅದು ಇನ್ನು ಅಲ್ಲೇ. ನಾನು ಸತ್ರೂ ಅಲ್ಲೇ.”

“ಮತ್ತೆ ಮಾರೋದು ಯಾಕೆ?” ಎಂದೆ.

“ದಿನಾ ಹೋಗಿ ಬರುದು ಸಾಕಾಯ್ತು ಅಂತಾಳೆ. ನನಗಂತೂ ಮನಸ್ಸಿಲ್ಲ ಮಾರಾಯ್ರೆ. ಅವಳು ವಾಪಸು ಬರುವ ಹೊತ್ತಿಗೆ ಚಾ ಇಟ್ಟು ಕೂತ್ಕೊಳ್ಳುವುದು ನನ್ನ ಕೆಲಸ. ಈಗ ಚಾ ಯಾರಿಗೆ ಇಡುದು?”

ಸೆವ್ರಿನಬಾಯಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಎಂದಿನ ಹಾಗೆ ತಲೆಯಾಡಿಸಿದರು.

“ನುಡಿಸೋದು ಯಾರು?” ಎಂದು ಕೇಳಿದರು.

“ನಾನೇ,” ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಹೆದರಿಕೆಯಾಯಿತು.

ಅವರು ನಗಲಿಲ್ಲ. ನನ್ನ ಎಡಗೈಯನ್ನು ಹಿಡಿದು ಬೆರಳುಗಳನ್ನು ಅಗಲಿಸಿ ನೋಡಿದರು. “ರೊಟ್ಟಿ ತಟ್ಟಿದ ಕೈ. ಬಲ ಉಂಟು,” ಎಂದರು. ಚೀಟಿ ಹಾಕಿ ಬಂದ ದುಡ್ಡನ್ನು ಕೊಟ್ಟೆ. ಅವರು ಎಣಿಸಲಿಲ್ಲ. “ಮೊದ್ಲು ಸೆಲ್ಲು ಬದಲಾಯಿಸಿ,” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಚೀಲ ಹೊತ್ತು ಮೆಟ್ಟಿಲು ಇಳಿಯುವಾಗ ತಿರುಗಿ, “ನೀವು ದಿನಾ ನುಡಿಸಿದ್ದು ಎತ್ತಿದ್ರೆ ಗೊತ್ತಾಗತ್ತೆ ಬಾಯಿ,” ಎಂದೆ, ಹೊಗಳಿಕೆ ಎಂದುಕೊಂಡು. ಕಿಟಕಿಯಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಮನೆಗೆ ತಂದು ಗಿಟಾರಿನ ಹಿಂಬದಿಯ ಚಿಕ್ಕ ಮುಚ್ಚಳವನ್ನು ಚಮಚದ ತುದಿಯಿಂದ ತೆಗೆದೆ. ಒಳಗಿನ ಸೆಲ್ಲು ಉಬ್ಬಿ, ಬಾಯಲ್ಲಿ ಬಿಳಿ ಪುಡಿ ಕಾರಿಕೊಂಡಿತ್ತು. ನಮ್ಮವರು ಅದನ್ನು ನೋಡಿ, “ಹುಳಿ ಬಂದಿದೆ, ಎಸಿ,” ಎಂದರು. ನಾನು ಎಸೆದು ಹೊಸದನ್ನು ಹಾಕಿದೆ. ಆಗ ಒಂದು ಗಳಿಗೆ ಯೋಚನೆ ಮಾಡಬೇಕಿತ್ತು. ಹಗುರ ಗಿಟಾರು ಮಡಿಲಿನಲ್ಲಿರುವಾಗ ಉಬ್ಬಿದ ಸೆಲ್ಲನ್ನು ಕುರಿತು ಯಾರು ಯೋಚಿಸುತ್ತಾರೆ!

ಮಾರನೆಯ ಸಂಜೆ ಸಭಾಭವನಕ್ಕೆ ಹೋದೆ. ಬಾಗಿಲಿನಿಂದ ಹೋಗಲು ನಮ್ಮ ಬೀದಿಯನ್ನು ಪೂರ್ತಿ ಸುತ್ತಬೇಕು. ಹಾರ್ಮೋನಿಯಂ ಮುಂದೆ ಕೂತಿದ್ದ ಕುಮುದಕ್ಕ ನನ್ನನ್ನು ನೋಡುವ ಮೊದಲು ಚೀಲವನ್ನು ನೋಡಿದರು. ಅವರ ಮುಖ ಬಿಗಿಯಿತು.

“ಅವಳ ಗಿಟಾರು ತಗೊಂಡ್ಯಾ? ಒಳ್ಳೇದು. ನುಡ್ಸು ನೋಡೋಣ.”

ಕೀಬೋರ್ಡಿನ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಕೆಳದನಿಯಿಲ್ಲದೆ ತಂಡದ ಹಾಡುಗಳೆಲ್ಲ ಕಾಲಿಲ್ಲದವರ ಹಾಗೆ ತೇಲುತ್ತಿದ್ದವು. ಅವರು ಹಾಡತೊಡಗಿದಾಗ ಮೊದಲ ಬಾರಿಗೆ ನಾನು ಹಾಡಿನ ಮೇಲುಗಡೆಯನ್ನು ಕೇಳಿದೆ. ಇಷ್ಟು ವರ್ಷ ನೆಲಮಾಳಿಗೆಯಲ್ಲಿ ಇದ್ದವಳನ್ನು ಕರೆತಂದು, ಇದೇ ನಿನ್ನ ಮನೆ ಎಂದು ಮಹಡಿ ತೋರಿಸಿದ ಹಾಗಾಯಿತು. ಬೆರಳಿಗೆ ತಂತಿ ಸಿಗಲು ಹೊತ್ತಾಯಿತು. ಆದರೆ ಎಲ್ಲಿ ಇಳಿಯಬೇಕು, ಎಲ್ಲಿ ಕಾಯಬೇಕು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ತಬಲಾದ ಗೌರಮ್ಮ ಬಾರಿಸುತ್ತಲೇ ಕುಮುದಕ್ಕನ ಕಡೆ ನೋಡಿ ಹುಬ್ಬೇರಿಸಿದಳು.

“ಎಲ್ಲಿ ಕಲ್ತೆ?” ಎಂದರು ಕುಮುದಕ್ಕ.

“ಅಡುಗೆಮನೇಲಿ,” ಎಂದೆ. ಎಲ್ಲರೂ ನಕ್ಕರು.

ಆ ದಿನಗಳ ಸುಖವನ್ನು ಹೇಗೆ ಹೇಳಲಿ. ಬೆರಳ ತುದಿಗಳು ಬೊಕ್ಕೆ ಎದ್ದು, ಒಡೆದು, ಒರಟಾದವು. ಸಾರಿನ ಪುಡಿ ಮುಟ್ಟಿದರೆ ಉರಿಯುತ್ತಿತ್ತು, ಆ ಉರಿಯೂ ನನ್ನದೆನಿಸುತ್ತಿತ್ತು. ತಂತಿ ಮಿಡಿದರೆ ಅದರ ನಡುಕ ಹೊಟ್ಟೆಗೆ ಬಂದು ತಾಗುತ್ತದೆ. ಮಕ್ಕಳು ಒಳಗಿದ್ದಾಗ ಒದೆಯುತ್ತಿದ್ದ ಜಾಗ. ಅಲ್ಲಿ ಮತ್ತೆ ಏನಾದರೂ ಅಲುಗಾಡೀತು ಎಂದು ನಾನು ಎಣಿಸಿರಲಿಲ್ಲ. ಸಭಾಭವನದ ವಾರ್ಷಿಕೋತ್ಸವಕ್ಕೆ ನಮ್ಮ ಕಾರ್ಯಕ್ರಮ ಗೊತ್ತಾಯಿತು. ಅದು ಚೆನ್ನಾಗಿ ಆದರೆ ಚಳಿಗಾಲದಲ್ಲಿ ಹೊರಗಿನ ಊರುಗಳಿಗೂ ಹೋಗುವುದು, ಬೇಸ್ ಗಿಟಾರಿಗೆ ನಾನೇ ಖಾಯಂ ಎಂದು ಕುಮುದಕ್ಕ ಹೇಳಿದರು. ಹೊರಗಿನ ಊರು ಎನ್ನುವುದನ್ನು ನಾನು ಮದುವೆ ಮುಂಜಿಗಲ್ಲದೆ ನೋಡಿದವಳಲ್ಲ.

ಆದರೆ ಗಿಟಾರು ಹಗುರವಾಗುತ್ತ ಹೋಯಿತು.

ಮೊದಲು ನನ್ನ ಹೆಗಲು ರೂಢಿಯಾಗಿದೆ ಎಂದುಕೊಂಡೆ. ಒಂದು ದಿನ ಗೋಡೆಗೆ ಒರಗಿಸಿಟ್ಟಿದ್ದು ಕಿಟಕಿಯ ಗಾಳಿಗೆ ಅಲ್ಲಾಡಿತು. ಕೈಗೆತ್ತಿಕೊಂಡರೆ ಒಣಗಿದ ಸೋರೆಬುರುಡೆಯ ಹಾಗಿತ್ತು. ನಾನು ಅದನ್ನು ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ದಿನಾ ಬಳಸುವ ಸಾಮಾನು ಇನ್ನಷ್ಟು ಹಗುರವಾಗುವುದಿಲ್ಲ. ನಮ್ಮ ಸೌಟು ನಿನ್ನೆ ಇದ್ದಷ್ಟೇ ಇವತ್ತೂ ಇರುತ್ತದೆ. ಭಾರವಾಗಿದ್ದದ್ದು ಮಾತ್ರ ಬಳಸಿದ ಮೇಲೆ ಇಳಿಯುತ್ತದೆ. ಹಾಗಾದರೆ ನಾನು ಹೂವೆಂದು ಹೊತ್ತು ತಂದದ್ದು ಆಗ ಯಾರೂ ನುಡಿಸದೆ ಭಾರವಾಗಿತ್ತು. ಉಬ್ಬಿದ ಸೆಲ್ಲು, ಬಿಳಿ ಪುಡಿ, ಕುಗ್ಗಿದ ನೆಲ, ಕಿಟಕಿಯಲ್ಲಿ ಕಂಡ ಬೆನ್ನು ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತವು.

ಸಂಜೆ ಅಭ್ಯಾಸಕ್ಕೆ ಹೋಗದೆ ದೋಣಿಕಟ್ಟೆಗೆ ಹೋದೆ. ನನ್ನ ಊಹೆ ಸರಿಯಾಗಿತ್ತು. ಸೆವ್ರಿನಬಾಯಿ ಹೊಳೆಯ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಿದ್ದರು. ನನ್ನ ಹೆಗಲ ಚೀಲವನ್ನು ನೋಡಿದರು. ನಾನು ಅದನ್ನು ಅವರ ತೊಡೆಯ ಮೇಲಿಟ್ಟೆ. ಅವರು ಒಮ್ಮೆ ಎತ್ತಿ, ಇಳಿಸಿ, ಕಣ್ಣು ಮುಚ್ಚಿಕೊಂಡರು.

“ಇದು ಹುಟ್ಟಿದ್ದೇ ಹಗುರ ಮಾರಾಯ್ತಿ,” ಎಂದರು. “ಹೊರಗಿಂದ ತರಿಸಿದ್ದು. ಮರವೇ ಹಾಗಿನದ್ದು, ಬೆಂಡಿನ ಹಾಗೆ. ಬೇರೆ ಗಿಟಾರು ಇಷ್ಟು ವರ್ಷ ಬಿಟ್ಟಿದ್ರೆ ಎತ್ತಲಿಕ್ಕೆ ಜನ ಬೇಕಿತ್ತು. ಇದು ಭಾರ ಆಗಿ ಆಗಿ ಊರಿನವರು ಹಗುರ ಅನ್ನುವಲ್ಲಿಗೆ ಬಂದು ನಿಂತಿತು. ಎಲ್ಲರಿಗೂ ಹೂವು. ಎಷ್ಟು ಭಾರ ಆಗಿದೆ ಅಂತ ನನಗೊಬ್ಬಳಿಗೇ ಗೊತ್ತು.”

“ದಿನಾ ಎಲ್ಲಿಗೆ ಹೋಗ್ತಿದ್ರಿ?”

“ಇಲ್ಲಿಗೇ.” ಅವರು ಮೆಟ್ಟಿಲನ್ನು ತಟ್ಟಿದರು. “ಕೀಬೋರ್ಡು ಬಂತು. ಕುಮುದ, ನಿಮ್ಗೆ ಸ್ವಲ್ಪ ವಿಶ್ರಾಂತಿ ಆಗ್ಲಿ ಬಾಯಿ, ಆಮೇಲೆ ಕರೀತೇನೆ ಅಂದ್ಳು. ಮನೆಗೆ ಹೋದ್ರೆ ಇವರು ಚಾ ಇಟ್ಟು ಕೂತಿದ್ರು. ಇವತ್ತು ಹೇಗಾಯ್ತು ಅಂತ ಕೇಳಿದ್ರು. ಒಳ್ಳೇದಾಯ್ತು ಅಂದೆ. ಒಂದು ಸಲ ಹೇಳಿದ ಮೇಲೆ ಎಂತ ಮಾಡುದು? ಮರುದಿನವೂ ಹೊರಡಬೇಕಲ್ಲ. ಮೊದ್ಲು ಸೆಲ್ಲಿಲ್ಲದೆ ಬೆರಳಾಡಿಸ್ತಿದ್ದೆ. ಸದ್ದಿಲ್ಲದ್ದು ಲೆಕ್ಕಕ್ಕೆ ಬರುದಿಲ್ಲ, ನಿಮ್ಗೆ ಗೊತ್ತುಂಟಲ್ಲ. ಆಮೇಲೆ ಚೀಲ ಬಿಚ್ಚುದನ್ನೇ ಬಿಟ್ಟೆ. ಇತ್ತೀಚೆಗೆ ಹೆಗಲಿಗೆ ಹಾಕುವಾಗ ಉಸಿರು ಕಟ್ತಿತ್ತು. ಇನ್ನು ಸ್ವಲ್ಪ ದಿನ ಹೋದ್ರೆ ಇವರ ಕೈಗೂ ಗೊತ್ತಾಗ್ತಿತ್ತು. ಅದಕ್ಕೆ ಮಾರಿದೆ.”

ಹೊಳೆಯಲ್ಲಿ ಒಂದು ಹಳೆಯ ದೋಣಿ ಬಳಕೆಯಿಲ್ಲದೆ ಮುಳುಗಿತ್ತು. ಅದರ ಮೂತಿ ಮಾತ್ರ ನೀರ ಮೇಲೆ ಕಾಣುತ್ತಿತ್ತು. ನಾನು ಗೋಡೆಯ ಸಂಗತಿಯನ್ನು ಹೇಳಿದೆ. ನಿಮ್ಮ ದನಿ ಬರುತ್ತಿತ್ತು, ಅದರಲ್ಲೇ ನಾನು ಅಡುಗೆ ಮಾಡುತ್ತಿದ್ದೆ, ಅದು ನಿಂತ ದಿನ ನನಗೆ ಗೊತ್ತಾಯಿತು ಎಂದೆ.

“ಗೊತ್ತಾಯ್ತಾ? ನಿಂತದ್ದು ಗೊತ್ತಾಯ್ತಾ?” ಅವರು ನನ್ನ ಕಡೆ ಪೂರ್ತಿ ತಿರುಗಿದರು. “ಒಂದು ಮಾತು ಹೇಳ್ಬಾರ್ದಿತ್ತಾ?”

ಅವರು ಬೈಯಲಿಲ್ಲ, ಕೇಳಿದರು ಅಷ್ಟೆ. ಅದಕ್ಕಾಗಿಯೇ ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

“ನಾನು ನುಡಿಸೋದು ಸರಿಯಾ ನೋಡಿ,” ಎಂದು ಮಾತು ತಿರುಗಿಸಲು ಗಿಟಾರು ತೆಗೆದುಕೊಂಡು ನನಗೆ ಪ್ರಿಯವಾದ ಆ ಇಳಿಯುವ ಸಾಲನ್ನು ಮಿಡಿದೆ. ಸದ್ದಿಲ್ಲ, ಬೆರಳು ಮಾತ್ರ. ಅವರು ನೋಡಿ ನಕ್ಕುಬಿಟ್ಟರು.

“ಅಯ್ಯೋ, ಅಲ್ಲಿ ಬೆರಳು ಅವಸರ ಮಾಡ್ತದೆ. ಗಾಡಿ ತಪ್ಪಿಹೋಗುವುದುಂಟಾ ನಿಮ್ಗೆ? ಇಲ್ಲಿ ಕೊಡಿ.” ಗಿಟಾರಿನ ಕೊಂಬಿಗೆ ಗದ್ದವನ್ನು ಒತ್ತಿ, ಮರದಿಂದ ಎಲುಬಿಗೆ ಬರುವ ದನಿಯನ್ನು ಕೇಳಿಸಿಕೊಳ್ಳುತ್ತ ನುಡಿಸಿದರು. ನನಗೆ ಏನೂ ಕೇಳಿಸಲಿಲ್ಲ. ಆದರೆ ಬೆರಳುಗಳು ಇಳಿದು, ನಿಲ್ಲುವಂತೆ ಮಾಡಿ, ಹಿಂದಿರುಗಿ ನೋಡಿದವು. ನಾನು ನುಡಿಸುವುದು ಅದರ ನೆರಳು ಎಂದು ಆಗ ತಿಳಿಯಿತು. ಅವರ ಕುತ್ತಿಗೆಯ ನರ ಸಡಿಲಾಗಿ, ಮುಖ ಚಿಕ್ಕ ಹುಡುಗಿಯದಾಯಿತು.

“ತಂಡಕ್ಕೆ ಬನ್ನಿ ಬಾಯಿ. ನಾನು ಬಿಟ್ಟುಕೊಡ್ತೀನಿ,” ಎಂದೆ.

“ಕುಮುದ ಕರೀತೇನೆ ಅಂದಿದ್ಳು. ಕರೀಲಿಲ್ಲ. ನಾನಾಗಿ ಹೋಗುವುದಿಲ್ಲ.” ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದರು. “ಮತ್ತೆ ಇದು ನಮ್ಮಿಬ್ಬರೊಳಗೇ ಇರ್ಲಿ. ಇವರಿಗೆ ತಿಳಿದ್ರೆ, ಇಷ್ಟು ವರ್ಷ ಸತ್ತದ್ದನ್ನು ಹೊತ್ತುಕೊಂಡು ತಿರುಗಿದ್ಳು ಅಂತ ಆಗ್ತದೆ. ಆ ಚಾ ಎಲ್ಲ ವಾಪಸು ಹೋಗ್ತದೆ. ನನ್ನ ಮೇಲೆ ಆಣೆ ಉಂಟು.”

ಮಾರನೆಯ ದಿನ ಅಭ್ಯಾಸಕ್ಕೆ ಮೊದಲು ಕುಮುದಕ್ಕನ ಜೊತೆ ಜಮಖಾನೆ ಹಾಸುತ್ತ, “ಸೆವ್ರಿನಬಾಯಿಯನ್ನ ಮತ್ತೆ ಕರೀಬಹುದಿತ್ತಲ್ಲ ಅಕ್ಕ?” ಎಂದು ಕೇಳಿದೆ.

ಕುಮುದಕ್ಕ ಜಮಖಾನೆಯ ತುದಿಯನ್ನು ಕೈಬಿಟ್ಟರು. “ಕರೀಬೇಕು ಅಂತಲೇ ಇದ್ದೆ ಕಣೆ. ಕೀಬೋರ್ಡು ಬಂದ ವಾರಕ್ಕೇ ಬೇಜಾರಾಗಿತ್ತು ನನಗೆ, ಜೀವ ಇಲ್ಲ ಅದಕ್ಕೆ. ಕರೆಯೋಕೆ ಅಂತ ಹೊರಟೆ. ನೋಡಿದ್ರೆ ಮಹಾರಾಯಿತಿ ಗಿಟಾರನ್ನ ಬಾಳೆಎಲೆ ಥರ ಹೊತ್ಕೊಂಡು ಹೋಗ್ತಿದಾಳೆ. ಒಂದು ವಾರವಾದ್ರೂ ನಮಗೋಸ್ಕರ ಕಾಯಬಾರ್ದಿತ್ತಾ? ಆಗಲೇ ಬೇರೆ ತಂಡ ಹಿಡಿದಾಗಿತ್ತು. ಎಷ್ಟು ವರ್ಷ ಆದ್ರೂ ಅಷ್ಟೇ ಹಗುರ. ಈಗ ನೋಡು, ನಾನು ಬೇಸ್ ನುಡಿಸೋಕೆ ಜನ ಬೇಕು ಅಂತ ಹಲಗೆ ಮೇಲೆ ಬರೆದ್ರೆ, ನನ್ನ ಅಕ್ಷರದ ಕೆಳಗೇ ಗಂಡನ ಕೈಲಿ ಬರೆಸ್ತಾಳೆ, ಮಾರ್ತೀನಿ ಅಂತ! ಹಗುರದ್ದನ್ನ ಯಾರಾದ್ರೂ ಮಾರ್ತಾರಾ, ಅದಕ್ಕಿಂತ ಒಳ್ಳೇದು ಸಿಗದೆ? ನಿನ್ನ ತಂಡ ನನಗೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗಲ್ವಾ ಅದು?”

“ಹಾಗಿರ್ಲಿಕ್ಕಿಲ್ಲ ಅಕ್ಕ.”

“ನೀನೇ ಎತ್ತಿ ನೋಡಿದೀಯಲ್ಲ. ಹೇಗಿತ್ತು ಹೇಳು?”

“ಹಗುರವಾಗಿತ್ತು,” ಎಂದೆ. ಬೇರೆ ಏನು ಹೇಳಲಿ? ಕುಮುದಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡು, ಧೂಳು ಎಂದು ಜಮಖಾನೆಯನ್ನು ಬೈದರು.

ಒಬ್ಬರು ಕರೆಯಲೆಂದು ಹೊರಟು ಹಿಂತಿರುಗಿದರು, ಇನ್ನೊಬ್ಬರು ಕರೆಯುತ್ತಾರೆಂದು ಹೊಳೆಯ ದಂಡೆಯಲ್ಲಿ ಮುದುಕಿಯಾದರು. ನಡುವೆ ಇದ್ದದ್ದು ಬೆಂಡಿನಂಥ ಒಂದು ಮರ. ಎರಡೂ ಕಡೆಯ ಮಾತು ಗೊತ್ತಿದ್ದವಳು ನಾನೊಬ್ಬಳೇ, ನನ್ನ ಬಾಯಿಗೆ ಆಣೆ. ಆಣೆಯೊಂದೇ ಎಂದರೆ ಸುಳ್ಳಾಗುತ್ತದೆ. ಬಾಯಿ ಬಿಡದಿದ್ದರೆ ಚಳಿಗಾಲದ ಊರುಗಳು ನನ್ನವು ಎನ್ನುವುದೂ ಒಳಗೆ ಎಲ್ಲೋ ಕೂತಿತ್ತು. ಆ ವಾರವೆಲ್ಲ ನಾನು ಬಹಳ ಚೆನ್ನಾಗಿ ನುಡಿಸಿದೆ ಎಂದು ಎಲ್ಲರೂ ಹೇಳಿದರು.

ವಾರ್ಷಿಕೋತ್ಸವದ ದಿನ ಬಂತು. ಮಧ್ಯಾಹ್ನ ನಾನು ಈಳಿಗೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ನಮ್ಮವರು ಚಾಪೆಯ ಮೇಲೆ ಕಂಬಳಿ ಹಾಸಿ ತಾವೇ ಶರ್ಟು ಇಸ್ತ್ರಿ ಮಾಡುತ್ತಿದ್ದರು. ಆಫೀಸಿನವರನ್ನೆಲ್ಲ ಕರೆದಿದ್ದರು. ಇಷ್ಟು ವರ್ಷಗಳಲ್ಲಿ ನನ್ನ ವಿಷಯಕ್ಕೆ ಅವರು ಇಸ್ತ್ರಿಪೆಟ್ಟಿಗೆ ಹಿಡಿದದ್ದು ಅದೇ ಮೊದಲು.

“ಮುಂದಿನ ಸಾಲಲ್ಲೇ ಕೂತ್ಕೋತೀನಿ. ಅಷ್ಟು ಜನ ನುಡಿಸೋವಾಗ ನಿನ್ನ ದನಿ ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಕಿವಿಗೆ ಹುಡುಕ್ಬೇಡಿ. ಹೊಟ್ಟೆಗೆ ಗೊತ್ತಾಗತ್ತೆ.”

“ಹಾಗಾದ್ರೆ ಊಟ ಕಡಿಮೆ ಮಾಡ್ತೀನಿ,” ಎಂದು ಕಾಲರನ್ನು ಮಡಿಸಿದರು. ನನಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಈ ಮನುಷ್ಯ ಚಾ ಇಟ್ಟು ಕಾಯುವವರಲ್ಲ. ಆದರೂ ಇವತ್ತು ಸಂಜೆ ಮುಂದಿನ ಸಾಲಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ದನಿಗೆ ಕಾಯಲಿದ್ದರು. ಅದೊಂದನ್ನು ನೋಡಬೇಕಿತ್ತು ನಾನು.

ಹುರುಳಿಕಾಯಿ ಮುಗಿಯಿತು. ಈಳಿಗೆಯನ್ನು ತೊಳೆದು ಮಡಿಸಿಟ್ಟೆ. ವೇದಿಕೆಯ ದೀಪ ಹಚ್ಚುವುದಕ್ಕೆ ಇನ್ನು ಸ್ವಲ್ಪವೇ ಹೊತ್ತು ಉಳಿದಾ‌ಗ ಬೇಸ್ ನುಡಿಸುವವಳು ಇಲ್ಲವೆಂದರೆ ಕುಮುದಕ್ಕನಿಗೆ ಸಿಟ್ಟು ಮಾಡಲು ಪುರುಸೊತ್ತು ಇರುವುದಿಲ್ಲ, ಆ ಹಾಡುಗಳು ಗೊತ್ತಿದ್ದು ಹತ್ತಿರವಿರುವವರನ್ನೇ ಕರೆಯಬೇಕು. ಅತ್ತ ಗ್ರೆಗರಿಯವರ ಎದುರು ನಿಂತು ಕೇಳಿದರೆ, ಒಂದು ಸಂಜೆಯೂ ತಪ್ಪಿಸದ ಸೆವ್ರಿನಬಾಯಿ ಕೈಗೆ ರೂಢಿ ತಪ್ಪಿದೆ ಎಂದು ಹೇಗೆ ಹೇಳಿಯಾರು? ಗಂಡನೇ ಹೆಗಲಿಗೆ ಚೀಲ ಹಾಕಿ ಕಳಿಸುತ್ತಾರೆ. ಒಮ್ಮೆ ಅವರು ಆ ವೇದಿಕೆಯ ಮೇಲೆ ನುಡಿಸಿದರೆ ಮತ್ತೆ ಆ ಜಾಗಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಕುಮುದಕ್ಕನಿಗೆ ಕಿವಿಯಿದೆ.

ಹಳೆಯ ಪಂಚೆಯಿಂದ ಒಂದು ಪಟ್ಟಿ ಹರಿದು, ಎಡಗೈಯ ನಡುಬೆರಳಿಗೆ ಸುತ್ತಿದೆ. ಒಂದೇ ಕೈಯಲ್ಲಿ ಗಂಟು ಬಿಗಿಯಾಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ.

“ಏನಾಯ್ತೇ?” ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬಂದರು.

“ಈಳಿಗೆ ತಾಗಿತು.”

“ಇವತ್ತೇ ತಾಗ್ಬೇಕಾ? ಎಲ್ಲಿ, ತೋರ್ಸು. ಆಳಕ್ಕೆ ಹೋಗಿದೆಯಾ?”

“ಹೋಗಿದೆ. ಬಿಚ್ಚೋದು ಬೇಡ.”

ಅವರ ಮುಖ ಇಳಿಯಿತು. ಇಸ್ತ್ರಿಯಾದ ಶರ್ಟಿನ ಕಡೆ ಒಮ್ಮೆ ನೋಡಿದರು, ನನ್ನ ಬೆರಳಿನ ಕಡೆ ಒಮ್ಮೆ. ಹೇಳಿಬಿಡಬೇಕು ಎಂದು ನಾಲಗೆಯ ತುದಿಗೆ ಬಂತು. ಗಿಟಾರಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೆ.

“ಮತ್ತೆ ನಾನು ಈ ಶರ್ಟು ಹಾಕ್ಕೊಳ್ಲೋ ಬೇಡ್ವೋ?”

“ಹಾಕ್ಕೊಳ್ಳಿ,” ಎಂದೆ. “ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನಾನು ಆಮೇಲೆ ಬಂದು ನಿಮ್ಮ ಪಕ್ಕ ಕೂತ್ಕೋತೀನಿ.”

ದೋಣಿಕಟ್ಟೆ ಬೀದಿಯ ಕಡೆ ಇಳಿದೆ.